ಜೊಲ್ಲಿಗೆ ಹೇಳಿದ ಅರ್ಥ

ಹಾರನಹಳ್ಳಿ ಸೊಸೈಟಿಯ ಗುಮಾಸ್ತ ವೀರಭದ್ರಸ್ವಾಮಿಯ ಪಾಂಡಿತ್ಯ ಅ-ಕಾರದಲ್ಲಿ ಶುರುವಾಗಿ ಚ-ಕಾರದಲ್ಲಿ ನಿಂತುಹೋಗುತ್ತಿತ್ತು. ಇದು ಅವನ ತಪ್ಪಲ್ಲ, ಪುಸ್ತಕದ ತಪ್ಪು. ಪುಸ್ತಕದ ತಪ್ಪೂ ಅಲ್ಲ, ಹುಣಸೂರು ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಕುಳ್ಳಮ್ಮನ ತಪ್ಪು ಎನ್ನಬೇಕು.

ನಡೆದದ್ದು ಹೀಗೆ. ಅರವತ್ತೇಳನೇ ಇಸವಿ. ಅವನ ಹೆಂಡತಿ ವಿಮಲಮ್ಮ ಆಗ ಐದು ತಿಂಗಳ ಬಸುರಿ. ಭೇರ್ಯದ ತವರಿಗೆ ಹೋಗಿದ್ದವಳನ್ನು ಕರೆದುಕೊಂಡು ಬರುವಾಗ ಹುಣಸೂರಿನಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಹುರಿದ ಕಡಲೆಕಾಯಿಯ ವಾಸನೆ ಮೂಗಿಗೆ ಬಡಿದದ್ದೇ ವಿಮಲಮ್ಮ, "ಒಂದು ಪೊಟ್ಣ ತಕ್ಕೊಳ್ರೀ" ಎಂದಳು. ವೀರಭದ್ರಸ್ವಾಮಿ ತಂದ. ಹೆಂಡತಿಯ ಕೈಗೆ ಕೊಡುವ ಮೊದಲು ಪೊಟ್ಟಣದ ಮೇಲೆ ಕಣ್ಣು ಹಾಯಿಸಿದ್ದೇ ಎಡವಟ್ಟಾಯಿತು. ಅದರ ಮೇಲೆ ಒಂದು ಪದ, ಪದದ ಮುಂದೆ ಅದರ ಮೂಲ, ಅರ್ಥವಿದ್ದ ಜಾಗ ಮಾತ್ರ ಮಡಿಕೆಯ ಒಳಗೆ. ಸೊಸೈಟಿಯಲ್ಲಿ ಹಳೇ ರಸೀದಿಯನ್ನೂ ಬಿಡದೆ ಓದುವ ಮನುಷ್ಯ ಅವನು. ಪೊಟ್ಟಣ ಬಿಚ್ಚಿದ. ಕಡಲೆಕಾಯಿ ನೆಲಕ್ಕೆ ಸುರಿಯಿತು. ಎಲ್ಲಿತ್ತೋ ಒಂದು ಆಡು ಬಂದು ಸಿಪ್ಪೆಸಮೇತ ತಿಂದು ಮುಗಿಸಿತು. ವೀರಭದ್ರಸ್ವಾಮಿ ಅಷ್ಟರಲ್ಲಿ ಕುಳ್ಳಮ್ಮನ ಮಂಕರಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ರಟ್ಟಿಲ್ಲದ, ಹೆಸರಿಲ್ಲದ ಒಂದು ದಪ್ಪ ಪದಕೋಶವನ್ನು ಆ ತಾಯಿ ಹಿಂದಿನಿಂದ ಹರಿದು ಹರಿದು ಪೊಟ್ಟಣ ಕಟ್ಟುತ್ತಿದ್ದಳು. ಉಳಿದದ್ದನ್ನು ಕೈಯಲ್ಲಿದ್ದ ಚಿಲ್ಲರೆಯಷ್ಟೂ ಕೊಟ್ಟು ಕೊಂಡ. ಪಿರಿಯಾಪಟ್ಟಣದ ಬಸ್ಸು ಹಾರನ್ ಹೊಡೆಯಿತು. ಇನ್ನೊಂದು ಪೊಟ್ಟಣ ಕೊಳ್ಳಲು ಹೊತ್ತೂ ಇರಲಿಲ್ಲ, ನೆನಪೂ ಇರಲಿಲ್ಲ.

ಆವತ್ತಿನಿಂದ ಹಾರನಹಳ್ಳಿಯಲ್ಲಿ ಒಬ್ಬ ಪಂಡಿತ ಹುಟ್ಟಿದ. ಪಡಿತರಕ್ಕೆ ಸಾಲು ನಿಂತವರಿಗೆ ಅಕ್ಕಿ ಅಳೆಯುವ ಮೊದಲು ಅಕ್ಕಿಯ ಮೂಲ, ಗೋಧಿ ಅಳೆಯುವ ಮೊದಲು ಗೋಧಿಯ ಮೂಲ ಕೇಳಿಸಿಕೊಳ್ಳುವುದು ಕಡ್ಡಾಯವಾಯಿತು. ಸೇರು ಅವನ ಕೈಯಲ್ಲಿದ್ದದ್ದರಿಂದ ಯಾರೂ ಎದುರಾಡುವಂತಿರಲಿಲ್ಲ. ಸೀಮೆಎಣ್ಣೆಗೆ ಬಂದವರಿಗೆ ಎಣ್ಣೆಯ ಅರ್ಥವನ್ನು ಮಾತ್ರ ಹೇಳಿ ಸೀಮೆಯನ್ನು ಅವರಿಗೇ ಬಿಡುತ್ತಿದ್ದ. ಸಕ್ಕರೆಯ ಸರದಿ ಬಂದಾಗ ಅವನಿಗೆ ಕೆಮ್ಮು ಬರುತ್ತಿತ್ತು. ಆ ಕೆಮ್ಮನ್ನೂ ಜನ ಪಾಂಡಿತ್ಯದ ಲಕ್ಷಣವೆಂದೇ ತಿಳಿದರು. ಅವನ ಕೀರ್ತಿ ಬಸ್ಸಿನ ಮೇಲೆ ಕೂತು ಹುಣಸೂರು ದಾಟಿ, ಕೆ.ಆರ್. ನಗರ ದಾಟಿ ಭೇರ್ಯದ ಮಾವನ ಮನೆಯನ್ನೂ ಮುಟ್ಟಿತು.

ವಿಮಲಮ್ಮ ಏಳನೇ ತಿಂಗಳಿಗೆ ತವರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಮನೆತುಂಬಿಸಿಕೊಳ್ಳುವುದೆಂದು ಮಾತಾಗಿತ್ತು. ವೀರಭದ್ರಸ್ವಾಮಿ ತಿಂಗಳ ಮೊದಲೇ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ. ಹಗ್ಗ ಗಟ್ಟಿಯಿದೆಯೋ ಇಲ್ಲವೋ ಎಂದು ದಿನಾ ಎರಡು ಸಲ ತೂಗಿ ನೋಡುತ್ತಿದ್ದ. "ಬರೀ ತೊಟ್ಲು ತೂಗ್ಬ್ಯಾಡ ಕಣೋ, ಒಳ್ಳೇದಲ್ಲ" ಎಂದು ತಾಯಿ ಪುಟ್ಟಮಲ್ಲಮ್ಮ ದಿನಾ ಎರಡು ಸಲ ಬೈಯುತ್ತಿದ್ದಳು.

ಕರೆತರಲು ಹೋದ ಭಾನುವಾರ ಮಾವ ನಂಜುಂಡಸ್ವಾಮಿಯವರ ಜಗಲಿ ನೆಂಟರಿಂದ ತುಂಬಿತ್ತು. ಅತ್ತೆ ಪುಟ್ಟಮಾದಮ್ಮ ಕೂಸನ್ನು ತಂದು ಅಳಿಯನ ಮಡಿಲಿಗೆ ಹಾಕಿದರು. ಕೂಸು ಅಪ್ಪನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿತು. ಆಮೇಲೆ ಬಾಯ್ದೆರೆದು, ಇಸ್ತ್ರಿ ಮಾಡಿಸಿದ ಅಂಗಿಯ ಜೇಬು ತೋಯುವಂತೆ ಜೊಲ್ಲು ಸುರಿಸಿತು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲ. ನೆಂಟರ ಪೈಕಿ ಒಬ್ಬ ಮುದುಕಿ, "ಕೂಸು ಇಂಗೆ ಜೊಲ್ಲು ಸುರಿಸ್ತದಲ್ಲ, ಬಸ್ರೀಲಿ ತಾಯಿ ಬಯಕೆ ಏನೋ ತೀರಿಲ್ಲ ಅನ್ನಿ" ಎಂದು ನಕ್ಕಳು. ಈ ಮಾತು ಆ ಸೀಮೆಯ ಪ್ರತಿ ಮನೆಯಲ್ಲೂ ಪ್ರತಿ ಕೂಸಿಗೂ ಹೇಳುವಂಥದ್ದು. ಹೇಳಿ, ನಕ್ಕು, ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಆದರೆ ನಂಜುಂಡಸ್ವಾಮಿಯವರಿಗೆ ಅಳಿಯನನ್ನು ಮೆರೆಸುವ ಚಪಲ ಹುಟ್ಟಿತು.

"ನಮ್ಮಳಿಯಂದ್ರು ಯಾವ ಪದ ಕೊಟ್ರೂ ಬುಡ ಕಿತ್ತು ತೋರಿಸ್ತಾರೆ ಕಣ್ರಪ್ಪ. ಎಲ್ಲಿ, ಈ ಜೊಲ್ಲು ಅಂತಾರಲ್ಲ, ಅದ್ಕೆ ಏನರ್ಥ? ಎಲ್ಲಿಂದ ಬಂತು ಆ ಪದ? ಒಸಿ ಯೇಳಿ ಅಳಿಯಂದ್ರೇ."

ವೀರಭದ್ರಸ್ವಾಮಿಯ ಮನಸ್ಸು ಪುಸ್ತಕದ ಹಾಳೆಗಳ ಮೇಲೆ ಓಡಿತು. ಚಾ, ಚಿ, ಚೆ, ಚೊ, ಮುಗಿಯಿತು. ಚೊ ಎಂಬಲ್ಲಿಂದ ಜೊ ಎಂಬಲ್ಲಿಗೆ ಬಹಳ ದೂರವೇನಿಲ್ಲ. ಆದರೆ ಆ ದೂರದಷ್ಟನ್ನೂ ಹುಣಸೂರಿನ ಜನ ಕಡಲೆಕಾಯಿಯ ಸಂಗಡ ಮನೆಗೆ ಒಯ್ದುಬಿಟ್ಟಿದ್ದರು. ಗೊತ್ತಿಲ್ಲ ಎಂದು ಒಂದು ಮಾತು ಹೇಳಬಹುದಾಗಿತ್ತು. ಅದು ಗ-ಕಾರದ ಮಾತು, ಅವನ ಪುಸ್ತಕದ ಸರಹದ್ದಿನ ಒಳಗೇ ಇತ್ತು. ಆದರೂ ಬಾಯಿಗೆ ಬರಲಿಲ್ಲ.

"ಬಹಳ ಪುರಾತನ ಪದ" ಎಂದು ಶುರುಮಾಡಿದ. "ಈಗಿನವರು ಬರೀ ಬಾಯಿನೀರು ಅಂದ್ಕೊಂಡಿದ್ದಾರೆ. ಮೂಲದಲ್ಲಿ ಅದರ ಅರ್ಥ 'ತೀರದ ಆಸೆಯ ನೀರು' ಅಂತ. ತಾಯಿಯ ಬಾಯಿಗೆ ಬಾರದೆ ಹೋದದ್ದು ಮಗುವಿನ ಬಾಯಲ್ಲಿ ಹರಿಯುತ್ತೆ. ಅಜ್ಜಿ ಹೇಳಿದ್ದು ಸರಿಯಾಗೇ ಇದೆ."

"ಪುಸ್ತಕದಲ್ಲಿ ಅಂಗೇ ಬರ್ದದಾ?" ಎಂದರು ಪುಟ್ಟಮಾದಮ್ಮ.

"ಅಚ್ಚಾಗಿದೆ ಅತ್ತೆ."

ಅಚ್ಚಾಗಿದೆ ಎಂಬ ಒಂದು ಮಾತಿಗೆ ಜಗಲಿಯ ಬಣ್ಣವೇ ಬದಲಾಯಿತು. ಮುದುಕಿ ಹೇಳಿದ್ದು ತಮಾಷೆ. ಅಚ್ಚಾದದ್ದು ಆಪಾದನೆ. ಪುಟ್ಟಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಂದ್ರೆ, ನನ್ನ ಮಗ್ಳಿಗೆ ನಾನೇ ಬಯಕೆ ತೀರಿಸ್ಲಿಲ್ಲ ಅಂತ ನೆಂಟ್ರ ಮುಂದೆ ಯೇಳ್ತಿದ್ದೀರಾ?"

"ಛೆ ಛೆ, ಇಲ್ಲ ಅತ್ತೆ! ಇಲ್ಲಿಗೆ ಬಂದ ಮೇಲಿನದಲ್ಲ. ಅದು ಮೊದಲ ಆರು ತಿಂಗಳಿಗೆ ಸಂಬಂಧಪಟ್ಟಿದ್ದು."

"ಮೊದ್ಲ ಆರು ತಿಂಗ್ಳು ಅವ್ಳು ನಿಮ್ಮವ್ವನ ಕೈಕೆಳಗಿದ್ಲು."

ವೀರಭದ್ರಸ್ವಾಮಿ ತಲೆಯಾಡಿಸಿದ. ಹೌದೆಂದು ಆಡಿಸಿದನೋ ಅಲ್ಲವೆಂದು ಆಡಿಸಿದನೋ ಅವನಿಗೇ ತಿಳಿಯದು. ಅತ್ತೆಗೆ ತಿಳಿಯಿತು. ಕೂಸನ್ನು ಅವನ ಮಡಿಲಿನಿಂದ ಎತ್ತಿಕೊಂಡರು.

"ಬಯಕೆ ಉಳಿಸ್ದೋರು ಬರ್ಲಿ. ಅದೇನು ಬಯಕೆ ಅಂತ ಯೇಳಿ, ತಂದು, ನನ್ನ ಮಗ್ಳಿಗೆ ಉಣ್ಣಿಸ್ಲಿ. ಜೊಲ್ಲು ನಿಲ್ಲಲಿ. ಆಮ್ಯಾಕೆ ತಾಯಿ ಮಗೀನ ಕರ್ಕೊಂಡೋಗ್ಲಿ. ಅಲ್ಲೀಗಂಟ ಕೂಸು ಈ ವಸ್ತಿಲು ದಾಟಾಕಿಲ್ಲ."

ಕೊಟ್ಟಿಗೆಯ ಮರೆಯಲ್ಲಿ ಹೆಂಡತಿ ಸಿಕ್ಕಳು. "ನಿನ್ನ ಬಯಕೆ ಏನಿತ್ತೇ? ಈಗಲಾದರೂ ಹೇಳು ಮಾರಾಯ್ತಿ" ಎಂದು ಗೋಗರೆದ.

ವಿಮಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಪಂಡಿತ್ರು ನೀವು. ಬುಡ ಕಿತ್ತು ನೋಡ್ಕೊಳ್ಳಿ" ಎಂದು ಒಳಗೆ ಹೋದಳು.

ತಂದಿದ್ದ ಗಿಲಕಿಯನ್ನು ಜಗಲಿಯ ಮೇಲಿಟ್ಟು ವೀರಭದ್ರಸ್ವಾಮಿ ಒಬ್ಬನೇ ಬಸ್ಸಿಗೆ ಹೊರಟ. ಬೆನ್ನ ಹಿಂದೆ ಮನೆಯೊಳಗಿನಿಂದ ಗಿಲಕಿಯ ಸದ್ದು ಕೇಳಿಸಿತು. ಅವನಿಗೆ ಅಳು ಬಂತು.

ಆ ಮಾರ್ಗದ ಕಂಡಕ್ಟರ್ ಕೆಂಪಯ್ಯ. ಅವನಿಗೆ ತಿಳಿದ ಸುದ್ದಿ ಮುಂದಿನ ಸ್ಟಾಪಿಗೆ ಬಸ್ಸಿಗಿಂತ ಮೊದಲು ತಲುಪುತ್ತದೆಂದು ಪ್ರತೀತಿ. ವೀರಭದ್ರಸ್ವಾಮಿ ಹಾರನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಪುಟ್ಟಮಲ್ಲಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಏನ್ಲಾ, ಪುಸ್ತಕದಲ್ಲಿ ನನ್ನ ಹೆಸ್ರು ಬಂದದಂತೆ? ಸೊಸೆ ಬಯಕೆ ಉಳಿಸ್ದೋಳು ಹಾರನಹಳ್ಳಿ ಪುಟ್ಟಮಲ್ಲಿ ಅಂತ ಅಚ್ಚಾಗದಂತೆ?"

"ಇಲ್ಲ ಕಣವ್ವ, ಯಾರ ಹೆಸರೂ ಇಲ್ಲ!"

"ಮತ್ತೆ ಯಾರ್ ಮನೇದು ತಪ್ಪು ಅಂತ ಅದೆ? ನಿಜ ಯೇಳು."

ಪೊರಕೆ ಹತ್ತಿರವಿತ್ತು. ಭೇರ್ಯ ದೂರವಿತ್ತು. "ಏಳನೇ ತಿಂಗಳ ಮೇಲಿನದು ಅಂತ ಇದೆ" ಎಂದುಬಿಟ್ಟ.

ಹೀಗೆ ಒಂದೇ ದಿನದಲ್ಲಿ, ಇಲ್ಲದ ಹಾಳೆಯ ಇಲ್ಲದ ಸಾಲು ಎರಡು ಮನೆಗಳ ಕಡೆಯಿಂದಲೂ ಸಾಕ್ಷಿ ಹೇಳಿತು. ಅಷ್ಟು ಉಪಯೋಗಕ್ಕೆ ಬಿದ್ದ ಗ್ರಂಥ ಆ ತಾಲ್ಲೂಕಿನಲ್ಲಿ ಮತ್ತೊಂದಿರಲಿಲ್ಲ.

ಮರುದಿನದಿಂದ ಊಟದ ಯುದ್ಧ ಆರಂಭವಾಯಿತು. ಪುಟ್ಟಮಲ್ಲಮ್ಮ ತನ್ನ ತಪ್ಪಿಲ್ಲವೆಂದು ತೋರಿಸಲು ಕೆಂಪಯ್ಯನ ಬಸ್ಸಿನಲ್ಲಿ ದಿನಕ್ಕೊಂದು ಡಬ್ಬಿ ಕಳಿಸಿದಳು. ಹುಣಸೆಹಣ್ಣಿನ ಉಂಡೆ, ಎಳ್ಳು ಚಿಗಳಿ, ಕಳಲೆ ಪಲ್ಯ, ನೆಲ್ಲಿಕಾಯಿ. ಭೇರ್ಯದಲ್ಲಿ ಪುಟ್ಟಮಾದಮ್ಮ ತಮ್ಮ ತಪ್ಪಿಲ್ಲವೆಂದು ತೋರಿಸಲು ಒತ್ತುಶಾವಿಗೆ, ಕಾಯಿಹಾಲು, ಹಿತಕಿದ ಬೇಳೆಯ ಸಾರು ಮಾಡಿ ಹಾಕಿದರು. ವಿಮಲಮ್ಮ ಯಾರ ಮನಸ್ಸನ್ನೂ ನೋಯಿಸದೆ ಎರಡು ಕಡೆಯದ್ದನ್ನೂ ಉಂಡಳು. ಪ್ರತಿ ತುತ್ತಿಗೂ ಹತ್ತು ಜನ ಕೂಸಿನ ಬಾಯಿ ನೋಡುತ್ತಿದ್ದರು. ಕೂಸು ಎಲ್ಲರನ್ನೂ ನೋಡಿ ನಗುತ್ತ ಇನ್ನಷ್ಟು ಸುರಿಸುತ್ತಿತ್ತು. ಕೆಂಪಯ್ಯ ಸಂಜೆ ಬಸ್ಸಿನಿಂದ ತಲೆ ಹೊರಹಾಕಿ, ಕಟ್ಟೆಯ ನೀರಿನ ಮಟ್ಟ ಹೇಳುವವನ ಗಾಂಭೀರ್ಯದಲ್ಲಿ, "ಸ್ವಾಮೇರೇ, ಇವತ್ತು ಹೊಟ್ಟೆಗಂಟ ಬಂದದೆ!" ಎಂದು ಕೂಗಿ ಹೋಗುತ್ತಿದ್ದ.

ಸೊಸೈಟಿಯ ಮುಂದೆ ಸಾಲು ಎರಡರಷ್ಟು ಉದ್ದವಾಯಿತು. ಬಂದವರಿಗೆ ಅಕ್ಕಿ ಬೇಡ, ಅರ್ಥ ಬೇಕು. ಹೆಂಗಸರು ತಂತಮ್ಮ ಅತ್ತೆಯರ ಮೇಲೆ ದೂರು ಹೊತ್ತು, ಕೂಸುಗಳನ್ನು ಸಾಕ್ಷಿಗೆ ಸೊಂಟದಲ್ಲಿಟ್ಟುಕೊಂಡು ಬಂದರು. ಐವತ್ತು ದಾಟಿದ ಒಬ್ಬ ರೈತ ಎಲ್ಲರೂ ಹೋಗುವ ತನಕ ಕಾದಿದ್ದು, ಮೆಲ್ಲಗೆ ಬಂದು ಕಿವಿಯಲ್ಲಿ ಕೇಳಿದ.

"ಸ್ವಾಮಿ, ನಂಗೆ ಮಲಗಿದಾಗ ಈಗ್ಲೂ ಜೊಲ್ಲು ಬತ್ತದೆ. ನಮ್ಮವ್ವ ಸತ್ತು ಇಪ್ಪತ್ತು ವರ್ಸ ಆಯ್ತು. ಏನು ಬಯ್ಸಿದ್ಲೋ, ಈಗ ಯಾರ್ಗೆ ಉಣ್ಣಿಸ್ಲಿ?"

ಪಿರಿಯಾಪಟ್ಟಣದಿಂದ ಸೂಪರ್‌ವೈಸರರು ಜೀಪಿನಲ್ಲಿ ಬಂದರು. ಸರ್ಕಾರದ ಗೋಧಿಯ ಮುಂದೆ ಇದೇನು ಪುರಾಣ ಎಂದು ಗದರಿಸಿದರು. ಗುಮಾಸ್ತಿಕೆ ಹೋಗುತ್ತದೆ ಎಂದು ಹೆದರಿಸಿದರು. ಜೀಪು ಹತ್ತುವ ಮುಂಚೆ ಅವನನ್ನು ಪಕ್ಕಕ್ಕೆ ಕರೆದು, "ನಮ್ಮ ಮೊಮ್ಮಗನದೂ ಇದೇ ಕೇಸು ಕಣ್ರೀ. ನಿಮ್ಮ ಪುಸ್ತಕದ ಪ್ರಕಾರ ತಪ್ಪು ಸೊಸೆ ಕಡೆಯವರದೇ ತಾನೇ?" ಎಂದರು.

ವೀರಭದ್ರಸ್ವಾಮಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ನಿಜವಾದ ಅರ್ಥ ಸಿಕ್ಕಿಬಿಟ್ಟರೆ, ಅದು ಯಾರ ಮನೆಗೂ ತಗಲದ ಸಾಧು ಅರ್ಥವಾಗಿದ್ದರೆ, ಅದನ್ನು ತೋರಿಸಿ ಹೆಂಡತಿ ಮಗುವನ್ನು ತರಬಹುದು ಎಂದು ಹೊಳೆಯಿತು. ಒಂದು ದಿನದ ರಜೆ ಬರೆದುಕೊಟ್ಟು ಹುಣಸೂರಿಗೆ ಓಡಿದ.

"ಜ ಇರೋ ಹಾಳೆಗಳು ಎಲ್ಲಮ್ಮಾ?" ಎಂದು ಕುಳ್ಳಮ್ಮನನ್ನು ಕೇಳಿದ.

"ಜ-ನಾ? ಜನ ತಿಂದು ಎಸೆದ್ಬುಟ್ರಲ್ಲ ಸ್ವಾಮಿ."

"ಒಂದು ಹಾಳೆಯೂ ಉಳಿದಿಲ್ವಾ?"

ಕುಳ್ಳಮ್ಮ ಒಂದು ಹಿಡಿ ಕಡಲೆಕಾಯಿ ಆರಿಸುತ್ತ ಯೋಚಿಸಿದಳು. "ನೀವು ಕೊಂಡೋದ್ರಲ್ಲ, ಅದ್ಕೂ ಮುಂಚೆ ಒಸಿ ಕಾಗ್ದ ಕಿತ್ತು ನಮ್ಮ ತಂಗಿ ಕೆಂಪಿಗೆ ಕೊಟ್ಟಿದ್ದೆ. ಹಂಪಾಪುರದ ಸಂತೇಲಿ ಕೂರ್ತಾಳೆ. ಇವತ್ತೇ ಸಂತೆ. ಬ್ಯಾಗ ಓಡಿ. ಕಳ್ಳೇಕಾಯಿ ಬ್ಯಾಡ್ವಾ?"

"ಕಡಲೆಕಾಯಿ ಯಾರಿಗೆ ಬೇಕು!" ಎನ್ನುತ್ತ ಅವನು ಹಂಪಾಪುರದ ಕಡೆಯ ಬಸ್ಸಿನ ಹಿಂದೆ ಓಡಿದ.

ಹಂಪಾಪುರ ಮುಟ್ಟುವ ಹೊತ್ತಿಗೆ ಸಂತೆ ಅರ್ಧ ಮುಗಿದಿತ್ತು. ಕೆಂಪಿ ಅಂದು ಪೊಟ್ಟಣಕ್ಕೆ ಮುತ್ತುಗದ ಎಲೆ ಬಳಸುತ್ತಿದ್ದಳು. ಕಾಗದದ ಕಟ್ಟು ಮನೆಯಲ್ಲಿದೆ, ಮನೆ ಕಾಡಿನಂಚಿನ ಹಾಡಿಯ ಆಚೆ, ಅಲ್ಲಿಗೆ ಬಸ್ಸಿಲ್ಲ, ಬರುವ ವಾರ ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ ಕೂರುವಾಗ ತರುತ್ತೇನೆ ಎಂದಳು. ಕಾಗದದ ಹಿಂದೆ ಇಷ್ಟು ದೂರ ಬಂದ ಗಿರಾಕಿಯನ್ನು ಅವಳು ಕಂಡಿರಲಿಲ್ಲ. ಕನಿಕರಪಟ್ಟು ಏನು ವಿಷಯವೆಂದು ಕೇಳಿದಳು. ಅವನು ಸಂತೆಯ ನಡುವೆ ನಿಂತು ಎಲ್ಲವನ್ನೂ ಹೇಳಿಕೊಂಡ.

"ಕೂಸಿಗೆಷ್ಟು ತಿಂಗ್ಳು?"

"ಐದು ತುಂಬಿ ಆರು."

"ಅಯ್ಯೋ, ಅಲ್ಲು ಬತ್ತಾ ಇರ್ಬೇಕು ಬುಡಿ ಸ್ವಾಮಿ."

"ಹಲ್ಲಲ್ಲಮ್ಮ! ಇದರ ಮೂಲ ಬೇರೆ ಇದೆ" ಎಂದು ವೀರಭದ್ರಸ್ವಾಮಿ ರೇಗಿದ. ತಾನೇ ಹೆಣೆದ ಸುಳ್ಳನ್ನು ಹತ್ತು ದಿನ ಕಂಡಕಂಡವರ ಬಾಯಲ್ಲಿ ಕೇಳಿ ಕೇಳಿ ಅವನಿಗೂ ಅದರಲ್ಲಿ ನಂಬಿಕೆ ಬಂದುಬಿಟ್ಟಿತ್ತು.

ಮುಂದಿನ ಭಾನುವಾರ ಭೇರ್ಯದ ಅದೇ ಜಗಲಿಯ ಮೇಲೆ ನ್ಯಾಯ ಸೇರಿತು. ಒಂದು ಕಡೆ ನಂಜುಂಡಸ್ವಾಮಿ, ಪುಟ್ಟಮಾದಮ್ಮ. ಇನ್ನೊಂದು ಕಡೆ ಪುಟ್ಟಮಲ್ಲಮ್ಮ, ಅವಳ ಪಕ್ಕದಲ್ಲಿ ಕಳಲೆಯ ಖಾಲಿ ಡಬ್ಬಿಗಳು. ನಡುವೆ ರಿಟೈರಾದ ಸಣ್ಣಯ್ಯ ಮೇಷ್ಟ್ರು. ಅವರ ಮುಂದೆ ಒಂದು ಮಣೆ, ಮಣೆಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ. ಯಾರೋ ಅದಕ್ಕೆ ಅರಿಶಿನ ಕುಂಕುಮವನ್ನೂ ಇಟ್ಟಿದ್ದರು. ವೀರಭದ್ರಸ್ವಾಮಿಯ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಜಗಲಿಯ ಕಂಬವನ್ನು ನಾಲ್ಕು ಸಲ ಸುತ್ತಿದ.

"ಬೀಗಿತ್ತಿ, ಪುಸ್ತಕದಲ್ಲಿ ಮೊದ್ಲ ಆರು ತಿಂಗ್ಳು ಅಂತ ಅದೆ" ಎಂದರು ಪುಟ್ಟಮಾದಮ್ಮ.

"ಏಳ್ರ ಮೇಲಿಂದು ಅಂತ ಅದೆ. ನನ್ನ ಮಗನೇ ಓದಿ ಯೇಳವ್ನೆ" ಎಂದಳು ಪುಟ್ಟಮಲ್ಲಮ್ಮ.

"ನಮಗೂ ಅವ್ರೇ ಯೇಳಿದ್ದು!"

ಎಲ್ಲರೂ ವೀರಭದ್ರಸ್ವಾಮಿಯ ಕಡೆ ತಿರುಗಿದರು. ಅವನು ಐದನೇ ಸಲ ಕಂಬದ ಹಿಂದೆ ಹೋದ.

ನಂಜುಂಡಸ್ವಾಮಿಯವರಿಗೆ ರೋಸಿಹೋಯಿತು. "ಇದು ಬಗೆಹರಿಯೋ ಮಾತಲ್ಲ. ಕೂಸು ನಡೆಯೋಗಂಟ ಇಲ್ಲೇ ಇರ್ಲಿ" ಎಂದರು.

"ಇರ್ಲಿ! ನಡೆಯೋಗಂಟ ಯಾಕೆ, ಮದ್ವೆ ಆಗೋಗಂಟ ಇರ್ಲಿ!" ಎಂದು ಪುಟ್ಟಮಲ್ಲಮ್ಮ ಎದ್ದಳು. "ಮನೇಗೋಗಿ ತೊಟ್ಲು ಬಿಚ್ಚಾಕ್ತೀನಿ. ನಡಿಯೋ ಮಗ."

ತೊಟ್ಟಿಲು ಬಿಚ್ಚುವ ಮಾತು ಕೇಳಿ ವೀರಭದ್ರಸ್ವಾಮಿ ಥಟ್ಟನೆ ತಿರುಗಿದ. ಅವನು ಕಂಬ ಬಿಟ್ಟು ನಡುವೆ ಬಂದು ನಿಂತ.

"ಬಿಚ್ಚಬೇಡವ್ವ. ಎಲ್ಲಾ ನಾನು ಹೇಳಿದ ಸುಳ್ಳು. ಜೊಲ್ಲು ಅನ್ನೋ ಪದ ನನ್ನ ಪುಸ್ತಕದಲ್ಲಿ ಇಲ್ವೇ ಇಲ್ಲ. ಅದರ ಅರ್ಥ ಏನು, ಎಲ್ಲಿಂದ ಬಂತು, ನನಗೆ ಗೊತ್ತಿಲ್ಲ."

ಹೇಳಿ ಮುಗಿಸಿದಾಗ ಜ್ವರ ಬಿಟ್ಟ ಹಾಗೆ ಹಗುರವಾಯಿತು. ಇನ್ನು ಬೈಯಲಿ, ಬಡಿಯಲಿ ಎಂದು ಕಣ್ಣು ಮುಚ್ಚಿದ. ಆದರೆ ಲೋಕದ ರೀತಿಯೇ ಬೇರೆ. ಅವನ ಸುಳ್ಳನ್ನು ಕೇಳಿದ ಕೂಡಲೇ ನಂಬಿದ್ದ ಜನ ನಿಜವನ್ನು ನಂಬಲು ಸುತರಾಂ ಒಪ್ಪಲಿಲ್ಲ.

"ನೋಡಿದ್ರಾ, ಅವ್ವನ ತಪ್ಪು ಮುಚ್ಚಾಕೆ ಎಂಥ ಸುಳ್ಳೇಳ್ತಾವ್ರೆ!" ಎಂದರು ಪುಟ್ಟಮಾದಮ್ಮ.

"ನನ್ನ ತಪ್ಪಲ್ಲ, ಎಂಡ್ತಿ ಮನೆ ಮಾನ ಉಳಿಸಾಕೆ ಯೇಳ್ತಾವ್ನೆ!" ಎಂದಳು ಪುಟ್ಟಮಲ್ಲಮ್ಮ.

ಸಣ್ಣಯ್ಯ ಮೇಷ್ಟ್ರು ಬಟ್ಟೆ ಬಿಚ್ಚಿ, ಪುಸ್ತಕಕ್ಕೆ ಕೈಮುಗಿದು, ಕನ್ನಡಕ ಏರಿಸಿ ಕೊನೆಯ ಹಾಳೆ ತೆರೆದರು. ತುಂಬ ಹೊತ್ತು ನೋಡಿದರು. ಹಾಳೆಯ ಹಿಂದೆಯೂ ನೋಡಿದರು.

"ಇದ್ರಲ್ಲಿ ಕೊನೇ ಪದ ಚೊಂಬು" ಎಂದು ತೀರ್ಪು ಕೊಟ್ಟರು. "ಚೊಂಬಿನ ಅರ್ಥಾನೂ ಪೂರ್ತಿ ಇಲ್ಲ. ಇಲಿ ತಿಂದದೆ."

ಜಗಲಿಯಲ್ಲಿ ಗುಸುಗುಸು ಎದ್ದಿತು. ಆಗ ವಿಮಲಮ್ಮ ಕೂಸನ್ನು ಎತ್ತಿಕೊಂಡು ನಡುಮನೆಯಿಂದ ಹೊರಗೆ ಬಂದಳು. ಹಿರಿಯರ ಎದುರು ಅವಳು ದನಿಯೆತ್ತಿದವಳಲ್ಲ. ಇವತ್ತು ಎತ್ತಿದಳು.

"ಎರಡು ಮನೆಯೋರೂ ಉಣ್ಣಿಸಿದ್ದೆಲ್ಲ ಉಂಡೆ. ಇಬ್ಬರು ಅವ್ವಂದ್ರದ್ದೂ ತಪ್ಪಿಲ್ಲ. ನಾನು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಉಣಸೂರು ಬಸ್ ಸ್ಟ್ಯಾಂಡಲ್ಲಿ ಒಂದು ಪೊಟ್ಣ ಕಳ್ಳೇಕಾಯಿ." 

ಅವಳು ಮಣೆಯ ಮೇಲಿದ್ದ ಗ್ರಂಥದ ಕಡೆ ಕೈ ತೋರಿಸಿದಳು. "ಇದನ್ನ ಓದಾಕೆ ಅಂತ ಇವ್ರು ಅದನ್ನ ನೆಲಕ್ಕೆ ಸುರಿದ್ರು. ಆಡು ತಿಂತು. ಐದು ತಿಂಗ್ಳ ಹೊಟ್ಟೆ ಹೊತ್ಕೊಂಡು ನಾನು ನೋಡ್ತಾ ನಿಂತಿದ್ದೆ. ಇವತ್ತಿನಗಂಟ ಇವ್ರಿಗೆ ಜ್ಞಾಪಕ ಇಲ್ಲ."

ವೀರಭದ್ರಸ್ವಾಮಿಗೆ ಜ್ಞಾಪಕ ಬಂತು. ಆಡಿನ ಬಣ್ಣ ಕೂಡ ಜ್ಞಾಪಕ ಬಂತು. ಹೆಂಡತಿ ಕೈಚಾಚಿ ನಿಂತಿದ್ದದ್ದು ಮಾತ್ರ ಅವನು ಆವತ್ತು ನೋಡಿಯೇ ಇರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು.

ಎರಡು ವಾರದಿಂದ ಒಬ್ಬರ ಮುಖ ಒಬ್ಬರು ನೋಡದ ಬೀಗಿತ್ತಿಯರು ಏಕಕಾಲಕ್ಕೆ ಅವನ ಮೇಲೆ ಬಿದ್ದರು.

"ಬಸ್ರಿ ಎಂಗಸು ಕೇಳಿದ್ನ ಆಡಿಗೆ ತಿನ್ನಿಸ್ದ್ಯೇನೋ, ಮನೆಹಾಳ!"

"ಅಳಿಯಂದ್ರು ಅಂತ ಸುಮ್ಕಿವ್ನಿ. ಇಲ್ದಿದ್ರೆ!"

"ಬೀಗಿತ್ತಿ, ನೀವು ಸುಮ್ಕಿರ್ಬ್ಯಾಡಿ. ನನ್ನ ಕಡೆಯಿಂದ್ಲೂ ನಾಕು ಅನ್ನಿ."

ಅಂದರು. ನಾಲ್ಕಕ್ಕೆ ನಿಲ್ಲಿಸಲೂ ಇಲ್ಲ. ಆಮೇಲೆ ಪುಟ್ಟಮಾದಮ್ಮ ಪುಟ್ಟಮಲ್ಲಮ್ಮನ ಕೈಹಿಡಿದು, "ಒಳಿಕ್ ಬನ್ನಿ ಬೀಗಿತ್ತಿ, ಒಂದೇ ಎಲೇಲಿ ಉಣ್ಣಾನ" ಎಂದು ಕರೆದೊಯ್ದರು.

ಜಗಲಿಯಲ್ಲಿ ಉಳಿದ ವೀರಭದ್ರಸ್ವಾಮಿಯ ಕೈಗೆ ವಿಮಲಮ್ಮ ಕೂಸನ್ನು ಕೊಟ್ಟಳು. ಕೂಸು ಅವನ ಬೆರಳನ್ನು ಬಾಯಿಗೆ ಇಟ್ಟುಕೊಂಡಿತು. ಅವನು ಹೌಹಾರಿದ.

"ಮೇಷ್ಟ್ರೇ, ಹಲ್ಲು! ಕೂಸಿಗೆ ಹಲ್ಲು ಬಂದಿದೆ! ಅದಕ್ಕೇ ಜೊಲ್ಲು!"

ಸಣ್ಣಯ್ಯ ಮೇಷ್ಟ್ರು ಕನ್ನಡಕ ಮಡಿಸಿಟ್ಟರು. "ಹೊಸ ಅರ್ಥ ಹೇಳ್ಬೇಡಿ. ನಿಮ್ಮ ಹಳೇದೇ ಈಗ ತಾನೇ ಬಗೆಹರಿದದೆ. ದಾರೀಲಿ ಮೊದ್ಲು ಸಿಕ್ಕೋ ಕಳ್ಳೇಕಾಯಿ ಮಂಕ್ರಿ ಹತ್ರ ನಿಲ್ಲೋದು, ಒಂದು ಪೊಟ್ಣ ತಕ್ಕೊಳ್ಳೋದು, ಒಂದು ಕಾಳೂ ಕೆಳಕ್ಕೆ ಬೀಳದಂಗೆ ಆಯಮ್ಮನ ಕೈಗೆ ಕೊಡೋದು. ಕೂಸನ್ನ ಕರ್ಕೊಂಡೋಗಿ."

ಮೊದಲು ಸಿಕ್ಕಿದ ಮಂಕರಿ ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ, ಬೆಳಿಗ್ಗೆ ಹೋಗುವಾಗ ಕಾಣದಿದ್ದ ಕೆಂಪಿಯದು. ಪುಟ್ಟಮಲ್ಲಮ್ಮ, ವಿಮಲಮ್ಮ, ಕೂಸು, ಏಳು ಗಂಟು ಬಸ್ಸಿನೊಳಗೆ. ವೀರಭದ್ರಸ್ವಾಮಿ ಕೆಳಗೆ. ಕೆಂಪಿ ಗುರುತು ಹಿಡಿದು ನಕ್ಕು, "ಕಾಗ್ದ ತಂದಿವ್ನಿ ಸ್ವಾಮಿ" ಎನ್ನುತ್ತ ಒಂದು ಹಾಳೆ ಎಳೆದು, ಸುರುಳಿ ಸುತ್ತಿ, ಬಿಸಿ ಕಡಲೆಕಾಯಿ ತುಂಬಿ ಕೊಟ್ಟಳು.

ಪೊಟ್ಟಣದ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಜೊಲ್ಲು. ಮೂಲ, ಅರ್ಥ ಎರಡೂ ಮಡಿಕೆಯ ಒಳಗೆ.

ವೀರಭದ್ರಸ್ವಾಮಿ ಮಡಿಕೆಯ ಮೇಲೆ ಹೆಬ್ಬೆರಳಿಟ್ಟ. ಮಡಿಕೆಯನ್ನು ಉಗುರಿನಷ್ಟು ಸರಿಸಿದರೆ ಸಾಕಿತ್ತು. ಬಸ್ಸು ಹಾರನ್ ಹೊಡೆಯಿತು. ಕಾಲ ಬಳಿ ಒಂದು ಆಡು ಬಂದು ಮೇಲೆ ನೋಡುತ್ತ ನಿಂತಿತು. ಕಿಟಕಿಯಿಂದ ವಿಮಲಮ್ಮನೂ ನೋಡುತ್ತಿದ್ದಳು.

ಅವನು ಎರಡೂ ಕೈಯಲ್ಲಿ ಪೊಟ್ಟಣವನ್ನು ಹಿಡಿದು, ಒಂದು ಕಾಳೂ ಬೀಳದ ಹಾಗೆ, ಕಿಟಕಿಯೊಳಗೆ ಅವಳ ಕೈಗೆ ಕೊಟ್ಟ.

ವಿಮಲಮ್ಮ ಕಡಲೆಕಾಯಿಯನ್ನು ಸೆರಗಿಗೆ ಸುರಿದುಕೊಂಡು ಅವಸರವಿಲ್ಲದೆ ತಿಂದಳು. ಒಂದೊಂದೇ ಸುಲಿದು, ಅತ್ತೆಗೆ ನಾಲ್ಕು ಕೊಟ್ಟು, ಗಂಡನ ಬಾಯಿಗೆ ಎರಡು ಹಾಕಿ, ಹುಣಸೂರು ಬರುವ ತನಕ ತಿಂದಳು. ಹಿಂದಿನ ಸೀಟಿನಿಂದ ಪುಟ್ಟಮಲ್ಲಮ್ಮ, "ಕಳ್ಳೇಕಾಯಿ ತಿಂದ್ರೂ ಜೊಲ್ಲು ನಿಂತಿಲ್ವಲ್ಲೋ" ಎಂದಳು. ಕೊನೆಯ ಕಾಳು ಮುಗಿದ ಮೇಲೆ ವಿಮಲಮ್ಮ ನಕ್ಕು, "ತಗಳ್ಳಿ, ಈಗ ಓದ್ಕೊಳ್ಳಿ" ಎಂದು ಕಾಗದ ಹುಡುಕಿದಳು.

ಕಾಗದ ಕೂಸಿನ ಬಾಯಲ್ಲಿತ್ತು. ಕೆ.ಆರ್. ನಗರದಿಂದ ಅದು ತನ್ನ ಒಂದೇ ಹಲ್ಲಿನಲ್ಲಿ ಅದನ್ನು ನಿಧಾನವಾಗಿ ಅಗಿಯುತ್ತ ಬಂದಿತ್ತು. ವೀರಭದ್ರಸ್ವಾಮಿ ಬಿಡಿಸಿಕೊಂಡು ಬಿಚ್ಚಿ ನೋಡಿದ. ಹಾಳೆ ನೆನೆದು ಮುದ್ದೆಯಾಗಿತ್ತು, ಅಕ್ಷರಗಳೆಲ್ಲ ಒಂದರೊಳಗೊಂದು ಕರಗಿಹೋಗಿದ್ದವು.

"ಏನಂತ್ರೀ ಅರ್ಥ?" ಎಂದಳು ವಿಮಲಮ್ಮ.

"ಗೊತ್ತಿಲ್ಲ ಕಣೆ" ಎಂದ ವೀರಭದ್ರಸ್ವಾಮಿ, ಕೂಸಿನ ಗಲ್ಲವನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತ.